ತಾನಾಗಿ ಹುಟ್ಟಿದ ಗಿಡವೂ ಲೆಕ್ಕಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಮುಂಗಾರು ಶುರುವಾದರೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸಸಿ ನೆಡುವವರ ಫೋಟೊ ದಿನಾ ಬರುತ್ತವೆ. ನೆಡುವವರ ಮೇಲೆ ನನಗೆ ಗೌರವವಿದೆ. ಆದರೆ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆದು ನಿಂತ ಗಿಡಗಳ ಪರವಾಗಿಯೂ ಯಾರಾದರೂ ಮಾತಾಡಬೇಕಲ್ಲ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಶಿಗ್ಗಾವಿ ತಾಲೂಕಿನಲ್ಲಿ ನಮ್ಮದು ಎಂಟು ಎಕರೆ ಜಮೀನು. ಕೆಳಗಿನ ಐದು ಎಕರೆಯಲ್ಲಿ ಗೋವಿನಜೋಳ, ಹತ್ತಿ, ನಡುನಡುವೆ ತೊಗರಿ. ಮೇಲಿನ ಮೂರು ಎಕರೆ ಮಡ್ಡಿ. ಗರಸು ನೆಲ, ಗಳೇ ಹೊಡೆದರೆ ಕಲ್ಲೇ ಏಳುತ್ತದೆ. ನಮ್ಮ ಮಾವನವರ ಕಾಲದಿಂದ ಊರಿನ ಆಡು, ಕುರಿ ಅಲ್ಲೇ ಮೇಯುತ್ತಿದ್ದವು. ಯಜಮಾನರು ತೀರಿಕೊಂಡು ಹೊಲದ ಉಸಾಬರಿ ನನ್ನ ಪಾಲಿಗೆ ಬಂದ ಮೇಲೆ ಮಡ್ಡಿಯ ಸುತ್ತ ಕಳ್ಳಿ ಹಚ್ಚಿಸಿ, ಬಾರಿಮುಳ್ಳು ಒಟ್ಟಿಸಿ, ಆಡು ಕುರಿ ಬಿಡುವುದನ್ನು ನಿಲ್ಲಿಸಿದೆ. ಬೇಲಿಯ ಕೆಳಗೆ ಮೊಲ, ಮುಂಗುಸಿ ನುಸುಳುವಷ್ಟು ಸಂದಿ ಬಿಡಿಸಿದ್ದೇನೆ. ನಾನು ಮಾಡಿದ್ದು ಇಷ್ಟೇ. ಒಂದು ಸಸಿಯನ್ನೂ ತಂದು ಹಚ್ಚಿಲ್ಲ.

ಆಡು ತಿಂದೂ ತಿಂದೂ ಮೊಣಕಾಲೆತ್ತರಕ್ಕೇ ನಿಂತಿದ್ದ ಪೊದೆಗಳು ತಲೆ ಎತ್ತಿದವು. ನೋಡಿದರೆ ದಿಂಡಿಗ, ಕಮರ, ಕಕ್ಕೆ, ಮುತ್ತಲ! ಬೇರು ನೆಲದೊಳಗೆ ಎಷ್ಟೋ ವರ್ಷಗಳಿಂದ ಜೀವ ಹಿಡಿದುಕೊಂಡಿದ್ದವು, ಮೇಲೆ ಬರಲು ಬಿಟ್ಟವರಿರಲಿಲ್ಲ. ಬೇವು, ಬಾರಿ, ಕವಳಿ ಹಕ್ಕಿಗಳ ಹಿಕ್ಕೆಯಿಂದ ಬಂದವು. ಹಳೆಯ ಅತ್ತಿ ಮರದ ಕೆಳಗೆ ಹೋಗಿ ನಿಂತರೆ, ಹಣ್ಣಿಗೆ ಬಂದ ಹಕ್ಕಿ ಎಲ್ಲೆಲ್ಲಿಂದ ಏನೇನು ತಿಂದು ಬಂದಿದೆ ಎಂದು ಕೆಳಗಿನ ಮೊಳಕೆ ನೋಡಿಯೇ ಹೇಳಬಹುದು.

ಹೋದ ವರ್ಷ ಒಂದು ಇಲಾಖೆಯ ಸಿಬ್ಬಂದಿ ಬಂದಿದ್ದರು. ಒಳ್ಳೆಯ ಹುಡುಗರು, ನನ್ನ ಲಾಭಕ್ಕೆಂದೇ ಹೇಳಿದರು. "ಅವ್ವಾರ, ಈ ಗಿಡಗಂಟಿ ಎಲ್ಲಾ ಜೆಸಿಬಿ ಹಚ್ಚಿ ತಗಸ್ರಿ. ಗುಂಡಿ ತೋಡಿ ಸಾಗವಾನಿ ಹಚ್ಚಿದ್ರ ಸಸಿಗೆ ಇಷ್ಟು ಅಂತ ರೊಕ್ಕಾ ಬರ್ತೈತಿ."

"ಇಲ್ಲಿ ಇಷ್ಟು ಗಿಡಾ ಅದಾವಲ್ಲಪಾ?" ಅಂದೆ.

"ಅವು ತಾವ ಹುಟ್ಟಿದ್ದು ಬಿಡ್ರಿ. ಲೆಕ್ಕಕ್ಕ ಬರಂಗಿಲ್ಲ."

ಆ ಮಾತು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಒಳ್ಳೆಯದೇ. ಅರಣ್ಯ ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ತಂದು ನೆಟ್ಟು ಬದುಕಿಸಿಕೊಂಡ ರೈತರಿಗೆ ಮೂರು ವರ್ಷ ಕಂತಿನಲ್ಲಿ ಪ್ರೋತ್ಸಾಹಧನ ಸಿಗುತ್ತದೆ. ಅದರಿಂದ ಎಷ್ಟೋ ಹೊಲದ ಬದುವಿಗೆ ನೆರಳು ಬಂದಿದೆ. ನನ್ನ ತಕರಾರು ಬೇರೆ. ನಾಳೆ ನನ್ನ ಮಡ್ಡಿಯ ದಿಂಡಿಗವನ್ನು ನಾನು ಕಡಿಯಲು ಹೋದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ, ಅನುಮತಿ ಬೇಕು. ಬರಬೇಕಾದದ್ದೇ. ಅಂದರೆ ಕಡಿಯುವ ಹೊತ್ತಿಗೆ ತಾನಾಗಿ ಹುಟ್ಟಿದ ಮರವೂ ಮರ, ಕಾಯ್ದು ಬೆಳೆಸುವ ಹೊತ್ತಿಗೆ ಮಾತ್ರ ಅದು ಗಿಡಗಂಟಿ. ಇದು ಯಾವ ನ್ಯಾಯ?

ನಮ್ಮ ತಾಲೂಕಿನ ಬಂಕಾಪುರ ಕೋಟೆಯನ್ನೇ ನೋಡಿ. 139 ಎಕರೆಯ ಆ ಕೋಟೆಯನ್ನು 2006ರಲ್ಲಿ ನವಿಲುಧಾಮ ಮಾಡಿದರು. ಅಲ್ಲಿ ನವಿಲು ನೆಲೆಸಿದ್ದು ಸಾಲಾಗಿ ಗಿಡ ನೆಟ್ಟಿದ್ದಕ್ಕಲ್ಲ. ಒಳಗೆ ಖಿಲಾರಿ ದನಗಳ ತಳಿ ಕೇಂದ್ರ, ಅದರ ಮೇವಿನ ಹೊಲ, ಸುತ್ತ ಕಂದಕ, ಜಾಲಿ ಮತ್ತು ಪಾಪಾಸುಕಳ್ಳಿಯ ಪೊದೆ. ಹೆಣ್ಣು ನವಿಲು ಮೊಟ್ಟೆ ಇಡುವುದು ನೆಲದ ಮೇಲೆ, ಪೊದೆಯ ಮರೆಯಲ್ಲಿ. ರಾತ್ರಿ ಮಲಗಲು ಎತ್ತರದ ಕೊಂಬೆ, ಮೇಯಲು ಬಯಲು. ಈ ಮೂರೂ ಹತ್ತಿರ ಹತ್ತಿರ ಸಿಗುವಲ್ಲಿ ಅದು ಉಳಿಯುತ್ತದೆ. ಪೊದೆಯನ್ನೆಲ್ಲ ಬಳಿದು ಬರೀ ಸಾಗವಾನಿ ನಿಲ್ಲಿಸಿದರೆ ಮೊಟ್ಟೆ ಎಲ್ಲಿ ಇಡಬೇಕು?

ಈ ಭಾಗದವರಿಗೆ ಇದು ಹೊಸ ಪಾಠವೇನಲ್ಲ. 1987ರ ನವೆಂಬರ್‌ನಲ್ಲಿ, ಇನ್ನೂ ಅವಿಭಜಿತ ಧಾರವಾಡ ಜಿಲ್ಲೆ ಇದ್ದಾಗ, ಎಸ್‌.ಆರ್‌. ಹಿರೇಮಠರ ಸಮಾಜ ಪರಿವರ್ತನ ಸಮುದಾಯದವರು ಕುಸನೂರಿನಲ್ಲಿ ಹಳ್ಳಿಯವರನ್ನು ಕೂಡಿಸಿಕೊಂಡು 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ಮಾಡಿದರು. ಊರಿನ ದನ ಮೇಯುವ ನೆಲಕ್ಕೆ ಹಚ್ಚಿದ್ದ ನೀಲಗಿರಿಯನ್ನು ಕಿತ್ತು ಜನಕ್ಕೆ ಬೇಕಾದ ಗಿಡ ಹಚ್ಚಿದರು. ರಾಣೆಬೆನ್ನೂರಿನ 119 ಚದರ ಕಿಲೋಮೀಟರ್ ಕೃಷ್ಣಮೃಗ ಅಭಯಾರಣ್ಯದಲ್ಲೂ ನೀಲಗಿರಿ ನೆಡುತೋಪುಗಳಿವೆ. ಕೃಷ್ಣಮೃಗ ಬಯಲು ಹುಲ್ಲಿನ ಪ್ರಾಣಿ, ಅದಕ್ಕೆ ನೀಲಗಿರಿಯಿಂದ ಆಗಬೇಕಾದದ್ದೇನು? ಹಸಿರು ಕಂಡಲ್ಲೆಲ್ಲ ಕಾಡು ಎಂದು, ಹುಲ್ಲು ಮುಳ್ಳು ಕಂಡಲ್ಲೆಲ್ಲ ಪಾಳು ಎಂದು ಬರೆದುಕೊಳ್ಳುವ ಚಾಳಿ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ನನ್ನ ಮಡ್ಡಿಯ ನಡುವೆ ಒಣಗಿದ ಒಂದು ಬೇವಿನ ಮರ ಇದೆ. ಕಟ್ಟಿಗೆ ಅಡ್ಡೆಯವರು ಪ್ರತಿ ಬೇಸಿಗೆ ಬಂದು ದರ ಕೇಳಿ ಹೋಗುತ್ತಾರೆ. ನಾನು ಕೊಡುವುದಿಲ್ಲ. ಮರಕುಟಿಗ ಕೊರೆದು ಬಿಟ್ಟುಹೋದ ತೂತಿನಲ್ಲಿ ಗಿಳಿಗಳು ಸಂಸಾರ ಹೂಡಿವೆ. ಅದಕ್ಕೂ ಕೆಳಗೆ, ಕೊಂಬೆ ಮುರಿದು ಆದ ಪೊಟರೆಯಲ್ಲಿ ಹಾಲಕ್ಕಿ ಎನ್ನುವ ಪುಟ್ಟ ಗೂಬೆಗಳ ಜೋಡಿ. ದೀಪ ಹಚ್ಚುವ ಹೊತ್ತಿಗೆ ಹೊರಗೆ ಬಂದು ಕೂತು, ಮನುಷ್ಯರನ್ನು ಕಂಡರೆ ದುಂಡು ಕಣ್ಣು ಬಿಟ್ಟು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತವೆ. ಮರದ ಬುಡದಲ್ಲಿ ಅವು ಕಾರಿದ ಬೂದು ಬಣ್ಣದ ಸಣ್ಣ ಉಂಡೆಗಳು ಬಿದ್ದಿರುತ್ತವೆ. ಮೊಮ್ಮಗಳು ಒಂದನ್ನು ನೀರಲ್ಲಿ ನೆನೆಸಿ, ಸೂಜಿಯಿಂದ ಬಿಡಿಸಿ ಕಾಗದದ ಮೇಲೆ ಹರಡಿದಳು: ಇಲಿಯ ಕೂದಲು, ಅಕ್ಕಿ ಕಾಳಿನಷ್ಟು ಉದ್ದದ ಎಲುಬು, ಹಳದಿ ಹಲ್ಲು ಇನ್ನೂ ಕಚ್ಚಿಕೊಂಡಿದ್ದ ಒಂದು ಪುಟ್ಟ ದವಡೆ, ಜೀರುಂಡೆ ರೆಕ್ಕೆಯ ಹೊಳೆಯುವ ಚೂರುಗಳು. ಕೆಳಗಿನ ಗೋವಿನಜೋಳದ ಹೊಲದಲ್ಲಿ ನಾನು ಇಲಿ ಪಾಷಾಣ ಇಡುವುದನ್ನು ಬಿಟ್ಟಿದ್ದೇನೆ. ವಿಷ ತಿಂದ ಇಲಿಯನ್ನು ಹಿಡಿದರೆ ಈ ಹಕ್ಕಿಗೂ ಅದೇ ಗತಿ. ಒಣಮರ ನಿಲ್ಲಿಸಿಕೊಳ್ಳಿ ಎಂದು ಯಾವ ಕರಪತ್ರದಲ್ಲೂ ನಾನು ಓದಿಲ್ಲ. ಬದುವಿನ ಮೇಲೆ ಒಣಮರ ಇದ್ದವರು, ಅದು ಮನೆ ಮೇಲೋ ದಾರಿ ಮೇಲೋ ಬೀಳುವಂತಿಲ್ಲದಿದ್ದರೆ, ದಯವಿಟ್ಟು ಹಾಗೇ ಬಿಡಿ.

ಶಿವರಾತ್ರಿ ದಾಟಿದರೆ ಬೆಂಕಿಯ ಭಯ. ಹೊಸ ಹುಲ್ಲು ಚೆನ್ನಾಗಿ ಬರುತ್ತದೆಂದು ಹಳೆಯ ಹುಲ್ಲಿಗೆ ಕಡ್ಡಿ ಗೀರುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಕೌಜುಗ, ಬುರ್ಲಿ ಎಲ್ಲ ನೆಲದ ಮೇಲೆ ಮೊಟ್ಟೆ ಇಡುವಂಥವು, ಆಮೆಗೂ ಉಡಕ್ಕೂ ಓಡಿಹೋಗಲು ದಾರಿ ಇರುವುದಿಲ್ಲ. ಅದಕ್ಕೇ ದೀಪಾವಳಿ ಕಳೆದು ಹುಲ್ಲಿನ ಬೀಜ ಉದುರಿದ ಮೇಲೆ ಅರ್ಧ ಮಡ್ಡಿಯ ಹುಲ್ಲನ್ನು ಕೊಯ್ದುಕೊಂಡು ಹೋಗಲು ಅಕ್ಕಪಕ್ಕದವರಿಗೆ ಹೇಳುತ್ತೇನೆ, ದುಡ್ಡು ಕೇಳುವುದಿಲ್ಲ. ಉಳಿದರ್ಧ ಮರುವರ್ಷಕ್ಕೆ. ಹೀಗೆ ಹುಲ್ಲು ಒಯ್ಯುವವರೇ ಬೆಂಕಿ ಬೀಳದಂತೆ ಕಾಯುತ್ತಾರೆ. ಬೆಂಕಿ ದಾಟದಿರಲೆಂದು ಸುತ್ತ ಒಂದು ಆಳಿನಷ್ಟು ಅಗಲದ ಪಟ್ಟಿಯಲ್ಲಿ ಹುಲ್ಲು ಕೆತ್ತಿಸುತ್ತೇನೆ. ಹೋಳಿಗೆ ಕಾಮನ ಕಟ್ಟಿಗೆ ಕದಿಯಲು ಬರುವ ಹುಡುಗರನ್ನು ಕರೆದು, ಮಡ್ಡಿಯಲ್ಲಿ ಹಬ್ಬುತ್ತಿರುವ ಬಳ್ಳಾರಿ ಜಾಲಿಯನ್ನು ಕಡಿದು ಒಯ್ಯಿರಿ ಎನ್ನುತ್ತೇನೆ. ಆ ಜಾಲಿಯನ್ನು ಒಂದೇ ಸಲಕ್ಕೆ ತೆಗೆಸುವುದಿಲ್ಲ. ಅದರಲ್ಲೂ ಗೂಡುಗಳಿವೆ, ಪಕ್ಕದಲ್ಲಿ ನಮ್ಮ ಗಿಡ ಎದ್ದ ಕಡೆ ಮಾತ್ರ ಕಡಿಸುವುದು.

ಕೃಷಿ ಹೊಂಡ ಮಾಡಿಕೊಂಡವರಿಗೊಂದು ಮಾತು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ. ನೀರಿಗಿಳಿದ ಮೊಲ, ನರಿ, ನಾಯಿ ಮೇಲೆ ಹತ್ತಲಾರದೆ ಸಾಯುತ್ತವೆ. ಮಕ್ಕಳ ಜೀವಕ್ಕೂ ಅಪಾಯ. ಸುತ್ತ ಬೇಲಿ ಹಾಕಿ, ಗಂಟು ಹಾಕಿದ ಹಗ್ಗದ ಬಲೆಯನ್ನೋ ಹಳೆಯ ಗೋಣಿಚೀಲಗಳ ಸರವನ್ನೋ ದಂಡೆಯಿಂದ ನೀರಿನವರೆಗೆ ಇಳಿಬಿಡಿ.

ಕಾಡುಹಂದಿಯ ಪ್ರಶ್ನೆ ನನಗೆ ಊರಲ್ಲಿ ದಿನವೂ ಎದುರಾಗುತ್ತದೆ. "ನಿಮ್ಮ ಮಡ್ಡಿಯಿಂದ್ಲ ಹಂದಿ ಬರ್ತಾವ" ಎನ್ನುತ್ತಾರೆ. ಹಂದಿಯಿಂದ ನನ್ನ ಗೋವಿನಜೋಳವೂ ಹಾಳಾಗಿದೆ, ಅವರ ಸಿಟ್ಟು ಸುಳ್ಳಲ್ಲ. ಆದರೆ ಬೆಳೆ ಆಳೆತ್ತರ ನಿಂತ ಮೇಲೆ ಹಂದಿಗೆ ಗೋವಿನಜೋಳ, ಕಬ್ಬಿನ ಹೊಲವೇ ಅಡಗುದಾಣ, ಹಳ್ಳದ ಗುಂಟ ಎಲ್ಲಿಂದಲೋ ಬರುತ್ತವೆ. ಮಡ್ಡಿಗೂ ಬೆಳೆಗೂ ನಡುವೆ ನಾನು ಒಂದು ಪಟ್ಟಿ ಖಾಲಿ ಬಿಟ್ಟಿದ್ದೇನೆ. ಅದರಿಂದ ಸ್ವಲ್ಪ ಅನುಕೂಲವಾಗಿದೆ, ಪೂರ್ತಿ ಅಲ್ಲ. ಬೆಳೆ ಪರಿಹಾರ ಬೇಗ ಕೈಗೆ ಬಂದರೆ ಬೇಲಿಗೆ ಕರೆಂಟು ಬಿಡುವ ದುರ್ಬುದ್ಧಿ ಯಾರಿಗೂ ಬರುವುದಿಲ್ಲ.

ಜಿಲ್ಲೆಯ ಅರಣ್ಯ ಮತ್ತು ಕೃಷಿ ಅಧಿಕಾರಿಗಳಲ್ಲಿ ನನ್ನ ಕೇಳಿಕೆ ಇದು. ಬೇಲಿ ಹಾಕಿ, ಮೇಯಿಸದೆ, ಬೆಂಕಿ ಬೀಳದಂತೆ ಮೂರು ವರ್ಷ ಕಾಯ್ದ ಖಾಸಗಿ ಮಡ್ಡಿಗಳಲ್ಲಿ ಚಿಗುರಿದ ನಾಡಗಿಡಗಳನ್ನೂ ಎಣಿಸಿ, ನೆಟ್ಟ ಸಸಿಗೆ ಕೊಡುವಷ್ಟಲ್ಲದಿದ್ದರೂ ಅದರಲ್ಲಿ ಅರ್ಧದಷ್ಟಾದರೂ ಪ್ರೋತ್ಸಾಹಧನ ಕೊಡಿ. ಎಣಿಸುವುದು ಕಷ್ಟವಲ್ಲ, ಬೆಳೆ ಸಮೀಕ್ಷೆಗೆ ಮೊಬೈಲ್ ಹಿಡಿದು ಹೊಲಕ್ಕೆ ಬರುವ ಹುಡುಗರು ಮಡ್ಡಿಯದೂ ಒಂದು ಫೋಟೊ ತೆಗೆದರೆ ಆಯಿತು. ಗುಂಡಿ ತೋಡಿಸುವ ಮೊದಲು ಆ ನೆಲದಲ್ಲಿ ಈಗಾಗಲೇ ಏನು ಬೇರು ಬಿಟ್ಟಿದೆ ಎಂದು ಒಮ್ಮೆ ನಡೆದು ನೋಡಿ. ಮುಂದಿನ ಮಳೆಗಾಲದ ಗುರಿ ನಿಗದಿಯಾಗುವುದರೊಳಗೆ ಈ ವಿಷಯ ಜಿಲ್ಲಾ ಮಟ್ಟದ ಸಭೆಯ ಮುಂದೆ ಬರಬೇಕು, ನಮ್ಮ ಭಾಗದ ಜನಪ್ರತಿನಿಧಿಗಳು ಇದನ್ನು ಎತ್ತಿಕೊಳ್ಳಬೇಕು ಎಂದು ವಿನಂತಿಸುತ್ತೇನೆ.

– ಒಬ್ಬ ರೈತ ಮಹಿಳೆ, ಶಿಗ್ಗಾವಿ ತಾಲೂಕು, ಹಾವೇರಿ ಜಿಲ್ಲೆ