ಅವ್ವನಿಗೆ, ಲೀಡ್ಸ್‌ನಿಂದ

ಅವ್ವಾ,

ನಾವಿಬ್ಬರೂ ಆರಾಮಾಗಿದ್ದೇವೆ. ಫೋನಿನಲ್ಲಿ ನೀನು ಅಳಲು ಶುರುಮಾಡಿದರೆ ನನಗೆ ಮಾತೇ ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು.

ರಿಪೋರ್ಟ್ ಬಂತು, ಗಂಡು ಮಗು. ಅಯ್ಯೋ, ಇದನ್ನೆಲ್ಲ ಹೇಳುತ್ತಾರಾ ಎಂದು ಹೌಹಾರಬೇಡ. ಹುಟ್ಟುವ ಮೊದಲೇ ಗಂಡೋ ಹೆಣ್ಣೋ ಹೇಳಬಾರದೆಂದು ನಮ್ಮಲ್ಲಿ 1994ರ ಕಾನೂನಿದೆ, ಸ್ಕ್ಯಾನಿಂಗ್ ಸೆಂಟರಿನ ಬೋರ್ಡು ನನಗೂ ನೆನಪಿದೆ. ಆ ಕಾನೂನು ಇರಲೇಬೇಕು. ಇಲ್ಲಿ ನೋಡಿದ್ದು ಶಿವಮಾವನ ಹಿಮೋಫಿಲಿಯಾದ ಸಲುವಾಗಿ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಆ ಕಾಯಿಲೆ ಎಕ್ಸ್ ಕ್ರೋಮೋಸೋಮಿನಲ್ಲಿ ಬರುತ್ತದೆ. ನನ್ನಂಥ ಕ್ಯಾರಿಯರ್‌ಗೆ, ಅಂದರೆ ಕೆಟ್ಟ ಜೀನಿನ ಒಂದು ಪ್ರತಿ ಹೊತ್ತವಳಿಗೆ, ಹುಟ್ಟುವ ಗಂಡುಮಗುವಿಗೆ ಅರ್ಧಕ್ಕರ್ಧ ಸಾಧ್ಯತೆ.

ಹೊಟ್ಟೆಗೆ ಸೂಜಿ ಚುಚ್ಚಲಿಲ್ಲ. ತೋಳಿನಿಂದ ರಕ್ತ ತೆಗೆದರು, ಅಷ್ಟೇ. ಮಾಸಿನಿಂದ ಡಿಎನ್‌ಎ ಚೂರುಗಳು ತಾಯಿಯ ರಕ್ತಕ್ಕೆ ಸೇರುತ್ತವಂತೆ. ಡೆನಿಸ್ ಲೋ ಎಂಬ ವಿಜ್ಞಾನಿ 1997ರಲ್ಲಿ ಗಂಡು ಹೊತ್ತ ತಾಯಂದಿರ ರಕ್ತದಲ್ಲಿ ವೈ ಕ್ರೋಮೋಸೋಮಿನ ಚೂರು ಇರುವುದನ್ನು ತೋರಿಸಿದರು. ನನ್ನಲ್ಲಿ ವೈ ಇಲ್ಲ, ಹಾಗಾಗಿ ಸಿಕ್ಕಿದ್ದು ಮಗುವಿನದೇ.

ಹಾಗಾದರೆ ಕಾಯಿಲೆಯೂ ತಿಳಿಯಬೇಕಲ್ಲ ಎಂದು ಕೇಳಿದೆ. ತೊಡಕಿರುವುದೇ ಅಲ್ಲಿ. ಅಕ್ಕಿಯಲ್ಲಿ ರಾಗಿಕಾಳು ಬಿದ್ದರೆ ಕಣ್ಣಿಗೆ ಬೀಳುತ್ತದೆ, ಅಕ್ಕಿಗೆ ಅಕ್ಕಿಯೇ ಬೆರೆತರೆ? ಕೆಟ್ಟ ಜೀನು ನನ್ನ ರಕ್ತದಲ್ಲೇ ಇದೆ. ಅದು ಕಂಡ ಮಾತ್ರಕ್ಕೆ ಮಗುವಿಗೂ ಇದೆ ಎನ್ನುವಂತಿಲ್ಲ. ಸರಿಯಾದ ಪ್ರತಿ ಎಷ್ಟು, ಕೆಟ್ಟದ್ದೆಷ್ಟು ಎಂದು ಎಣಿಸಿ, ತಕ್ಕಡಿ ಯಾವ ಕಡೆ ತುಸು ವಾಲಿದೆ ಎಂದು ನೋಡಬೇಕು. ಹಾಗೆ ಎಣಿಸಿ ಹಿಮೋಫಿಲಿಯಾ ಗುರುತಿಸಿದವರೂ ಇದ್ದಾರೆ, ಆದರೆ ನಮ್ಮ ಆಸ್ಪತ್ರೆಯಲ್ಲಿ ಅದಿಲ್ಲ. ಸೂಜಿ ಹಾಕಿ ಮಾಸಿನ ಚೂರು ತೆಗೆಯಬಹುದು. ಗರ್ಭ ಹೋಗುವ ಅಪಾಯ 200ಕ್ಕೆ ಒಂದಕ್ಕಿಂತ ಕಡಿಮೆ. ನಾವು ಬೇಡವೆಂದೆವು. ಕಾಯಿಲೆ ಇದ್ದರೂ ಈ ಮಗು ನಮಗೆ ಬೇಕು. ಮತ್ತೆ ಸೂಜಿ ಯಾಕೆ?

ಹೆರಿಗೆಯನ್ನು ಮಾತ್ರ ಕಾಯಿಲೆ ಇದೆ ಎಂದೇ ಇಟ್ಟುಕೊಂಡು ಮಾಡುತ್ತಾರೆ. ವ್ಯಾಕ್ಯೂಮ್ ಹಾಕಿ ಎಳೆಯುವುದಿಲ್ಲ. ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿ ಖಾತ್ರಿಯಾಗುವವರೆಗೆ ವಿಟಮಿನ್ ಕೆ ಇಂಜೆಕ್ಷನ್ ಬದಲು ಬಾಯಿಗೆ ಹನಿ. ರಕ್ತ ಹೆಪ್ಪುಗಟ್ಟಿಸುವ ನನ್ನ ಫ್ಯಾಕ್ಟರ್ ಎಂಟನ್ನೂ ನೋಡುತ್ತಿದ್ದಾರೆ: ಬಸಿರಿನಲ್ಲಿ ಏರಿ, ಹೆತ್ತ ಮೇಲೆ ಇಳಿಯುತ್ತದಂತೆ. ಹಲ್ಲು ಕೀಳಿಸಿದಾಗ ನಿನಗೆ ರಾತ್ರಿಯಿಡೀ ರಕ್ತ ನಿಲ್ಲಲಿಲ್ಲವಲ್ಲ, ಅದೂ ಇದೇ ಇರಬಹುದು. ಕ್ಯಾರಿಯರ್ ಹೆಂಗಸರಿಗೂ ಫ್ಯಾಕ್ಟರ್ ಕಡಿಮೆ ಇರಬಹುದು. ನೀನೂ ಒಮ್ಮೆ ನೋಡಿಸಿಕೋ.

ಈಗ ಮುಖ್ಯ ಮಾತು. ಮಾವನ ಜೀನ್ ರಿಪೋರ್ಟ್ ಇದ್ದದ್ದರಿಂದಲೇ ನನ್ನದು ಬೇಗ ಗೊತ್ತಾಯಿತು. ಅದರ ಜೆರಾಕ್ಸ್ ಚಿಕ್ಕಮ್ಮನಿಗೆ ಕೊಡು. ಮೊದಲು ಅವರು, ಅವರಲ್ಲಿ ಇದ್ದರೆ ಆಮೇಲೆ ಅವರ ಮಗಳು ರೇಖಾ ಪರೀಕ್ಷೆ ಮಾಡಿಸಲಿ. ಎಲ್ಲಿ ಮಾಡಿಸಬೇಕೆಂದು ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿಯಲ್ಲಿ ಕೇಳಿ. ಮದುವೆ ನಿಶ್ಚಯವಾಗಿರುವಾಗ ಈ ಮಾತೇಕೆ ಎಂದು ಚಿಕ್ಕಮ್ಮ ಸಿಟ್ಟಾಗಬಹುದು, ಆಗಲಿ. ಅವಳು ಬಸುರಾದ ಮೇಲೆ ಓಡಾಡುವುದಕ್ಕಿಂತ ಇದು ವಾಸಿ. ಹುಡುಗನ ಮನೆಯವರಿಗೆ ಯಾವಾಗ ಹೇಳುವುದು ಎಂಬುದು ರೇಖಾಳಿಗೆ ಬಿಟ್ಟದ್ದು, ನೀವ್ಯಾರೂ ಬಾಯಿ ಹಾಕಬೇಡಿ.

ಮಾವನಿಗೆ ನಮಸ್ಕಾರ ಹೇಳು. ಮಂಡಿ ಊದಿದರೆ ಅರಿಶಿನದ ಪಟ್ಟು ಹಾಕಿಕೊಂಡು ಕೂರದೆ, ಅವತ್ತೇ ಹೋಗಿ ಫ್ಯಾಕ್ಟರ್ ಹಾಕಿಸಿಕೊಳ್ಳಬೇಕು ಅಂತಲೂ ಹೇಳು.

ನಿನ್ನ ಮಗಳು,
ಗೀತಾ