ಮೊದಲ ದಿನ ಗದ್ದೆಗೆ ಕರೆದುಕೊಂಡು ಬಾ

ಯಸಳೂರು ಹೋಬಳಿ, ಸಕಲೇಶಪುರ ತಾಲ್ಲೂಕು
ಶನಿವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನೆ ನೀನು ಕೇಳಿದ್ದಕ್ಕೆ ಉತ್ತರ ಹೇಳುವಷ್ಟರಲ್ಲಿ ಕರೆಂಟು ಹೋಯಿತು. ಹಿಂದೆಯೇ ನೆಟ್‌ವರ್ಕೂ ಹೋಯಿತು. ಮಳೆ ಇನ್ನೂ ಬಿಟ್ಟಿಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಫೋನಿನಲ್ಲಾಗಿದ್ದರೆ ಎರಡು ಮಾತು ಹೇಳಿ ಸುಮ್ಮನಾಗುತ್ತಿದ್ದೆ. ಈಗ ಮೇಣದ ಬತ್ತಿ ಹಚ್ಚಿಕೊಂಡು ಕೂತಿದ್ದೇನೆ. ಅಪ್ಪ ಮಲಗಿದ್ದಾರೆ.

ಅಕ್ಟೋಬರ್ 2ರಿಂದ 8ರ ತನಕ ವನ್ಯಜೀವಿ ಸಪ್ತಾಹ, ಅದರಲ್ಲಿ ಮೂರು ದಿನ ನಮ್ಮ ಕಡೆಯ ಹೈಸ್ಕೂಲ್ ಮಕ್ಕಳಿಗೆ ಶಿಬಿರ, ನಡೆಸುವ ಜವಾಬ್ದಾರಿ ನನ್ನದು ಅಂತ ನೀನು ಅಂದೆ. "ಅಮ್ಮ, ಮೊದಲ ದಿನ ಮಕ್ಕಳಿಗೆ ಏನು ಹೇಳಲಿ?" ಅಂತ ಕೇಳಿದೆ. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಕೊನೇ ವರ್ಷ ಓದುತ್ತಿರುವವಳು, ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ಅಮ್ಮನನ್ನು ಕೇಳಿದೆಯಲ್ಲ, ನನಗೆ ರಾತ್ರಿಯೆಲ್ಲ ಅದೇ ಯೋಚನೆ.

ಶಿಬಿರದ ಉದ್ದೇಶ ಮಕ್ಕಳಲ್ಲಿ ನಾಯಕತ್ವ ಬೆಳೆಸುವುದು ಅಂತ ಬರೆದಿದ್ದಾರಂತೆ. ನಾಯಕತ್ವ ಅಂದ ಕೂಡಲೇ ನನಗೆ ನೆನಪಾಗುವುದು ನೀನು ಒಂಬತ್ತನೇ ಕ್ಲಾಸಿನಲ್ಲಿದ್ದಾಗಿನ ಒಂದು ರಾತ್ರಿಯ ಊಟ. ನಿನಗೂ ಮರೆತಿರಲಾರದು.

ನವೆಂಬರ್ ತಿಂಗಳು. ಭತ್ತ ಹಾಲು ತುಂಬಿ ಗಟ್ಟಿಯಾಗುತ್ತಿತ್ತು. ಹಿಂದಿನ ರಾತ್ರಿ ಆನೆಗಳು ಇಳಿದು ಕೆಳಗಿನ ಗದ್ದೆಯನ್ನು ಒಂದಿಷ್ಟು ತಿಂದು, ಉಳಿದಿದ್ದನ್ನು ತುಳಿದು ಹೋಗಿದ್ದವು. ಅಪ್ಪ ಇಡೀ ದಿನ ಬದುವಿನ ಮೇಲೆ ಕೂತಿದ್ದರು. ರಾತ್ರಿ ಊಟಕ್ಕೆ ಕೂತಾಗ ನೀನು, "ಪಾಪ, ಅವಕ್ಕೂ ಹಸಿವಾಗುತ್ತೆ ಅಲ್ವಾ ಅಪ್ಪ" ಅಂದೆ. ಅವರು ಬೈಯಲಿಲ್ಲ. ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದರು. ಬಡಿಸಿದ ಅನ್ನ ಹಾಗೇ ಇತ್ತು.

ನೀನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ದೊಡ್ಡ ಆನೆಗೆ ದಿನಕ್ಕೆ 150 ಕೆಜಿಯಷ್ಟು ಮೇವು ಬೇಕು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರು ಮುಳುಗಿದವರಿಗೆ ಬದಲಿ ಭೂಮಿ ಕೊಡಲು ಕಾಡಿನ ಜಾಗವೂ ಹೋಯಿತು. ಆನೆಯ ದಾರಿ ನಮ್ಮ ತೋಟ, ಗದ್ದೆ ಆಯಿತು. ಇದನ್ನೆಲ್ಲ ನೀನೇ ನನಗೆ ಬಿಡಿಸಿ ಹೇಳಿದವಳು. ಆದರೂ ಬೆಳೆ ಕಳೆದುಕೊಂಡವರ ಎದುರು, ಅದೇ ರಾತ್ರಿ, ಆನೆಯ ಹಸಿವಿನ ಮಾತು ಆಡಬಾರದಿತ್ತು. ಅಷ್ಟು ಚಿಕ್ಕವಳಿಗೆ ಅದು ಹೇಗೆ ತಿಳಿಯಬೇಕು? ತಿಳಿಸಿಕೊಡಬೇಕಾಗಿದ್ದವಳು ನಾನು. ನಾನೂ ಅವತ್ತು ಬಾಯಿ ಬಿಡಲಿಲ್ಲ.

ಮಾರನೇ ದಿನ ನೀನು ಶಾಲೆಗೆ ಹೋಗಲಿಲ್ಲ. ಅಪ್ಪನ ಹಿಂದೆ ಗದ್ದೆಗೆ ಹೋದೆ. ಹೆಜ್ಜೆ ಅಳೆದೆ, ಫೋಟೋ ತೆಗೆದೆ. ಎಷ್ಟು ಗುಂಟೆ ಹೋಗಿದೆ ಅಂತ ಅಪ್ಪನನ್ನೇ ಕೇಳಿ ಕೇಳಿ ಬರೆದುಕೊಂಡೆ. ಪಹಣಿ, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಎಲ್ಲ ಜೋಡಿಸಿ ಪರಿಹಾರದ ಅರ್ಜಿ ಬರೆದೆ. ಮಹಜರಿಗೆ ಬಂದವರಿಗೆ ನೀನೇ ಗದ್ದೆ ಸುತ್ತಿಸಿ ತೋರಿಸಿದೆ. ಆ ಸಂಜೆ ಅಪ್ಪ ನಿನ್ನ ಪಕ್ಕದಲ್ಲೇ ಕೂತು ಊಟ ಮಾಡಿದರು.

ಆಮೇಲೆ ಮೇಲಿನ ಮನೆ ಅಜ್ಜ ಬಂದರು, "ನನ್ನದೂ ಒಂದು ಬರೆದುಕೊಡು ಮಗಾ" ಅಂತ. ಅವರ ಹಿಂದೆ ಕೆಳಗಿನ ಕೇರಿಯವರು. ಆ ತಿಂಗಳು ಒಟ್ಟು ಒಂಬತ್ತು ಅರ್ಜಿ ಬರೆದೆ. ಬರೆಯುವಾಗೆಲ್ಲ ಆನೆ ಎಲ್ಲಿಂದ ಬಂತು, ಎಷ್ಟಿದ್ದವು, ಮರಿ ಇತ್ತಾ, ಎತ್ತ ಹೋದವು ಅಂತ ಕೇಳಿ ನಿನ್ನ ನೀಲಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಓದೋದು ಬಿಟ್ಟು ಇದೇನು ಅಂತ ನಾನು ರೇಗುತ್ತಿದ್ದೆ.

ಜನವರಿ ಬಂತು. ಕಾಫಿ ಕೊಯ್ಲು. ಬೆಳಿಗ್ಗೆ ಏಳಕ್ಕೆ ಬಸ್ಸಿಗೆ ಹೊರಟವಳು ತಿರುವಿನಲ್ಲಿ ನಿಂತುಬಿಟ್ಟೆಯಂತೆ. ಆನೆ ಲದ್ದಿಯಿಂದ ಇನ್ನೂ ಹಬೆ ಏಳುತ್ತಿತ್ತು. ಬೈನೆ ಮರ ಮುರಿದು ಬಿದ್ದಿತ್ತು, ಮುರಿದ ಜಾಗ ಹಸಿಯಾಗಿತ್ತು. ಅಷ್ಟರಲ್ಲಿ ಪಿಕಪ್ಪಿನಲ್ಲಿ ಕೊಯ್ಲಿನ ಹೆಂಗಸರು ಬಂದು ಇಳಿಯುತ್ತಿದ್ದರು. ಒಳಗೆ ಹೋಗಬೇಡಿ ಅಂದೆ. ಹೊತ್ತಾಯ್ತು ಅಂತ ಯಾರೋ ಗದರಿದರು. ಆಗ ಅಜ್ಜ, "ಈ ಹುಡುಗಿ ಹೇಳಿದರೆ ಇರುತ್ತೆ, ನಡೀರಿ ವಾಪಸ್" ಅಂದರಂತೆ. ಎಲ್ಲರೂ ತಿರುಗಿದರು. ಸ್ವಲ್ಪ ಹೊತ್ತಿಗೆ ಒಳಗಿಂದ ಆನೆ ಘೀಳಿಟ್ಟಿತು. ಮರಿ ಇದ್ದ ಗುಂಪು.

ಇದನ್ನು ಎಷ್ಟು ಸಲ ನೆನೆದಿದ್ದೇನೋ ಪುಟ್ಟಿ. ಆನೆ ವಿಷಯ ನಿನಗಿಂತ ಜಾಸ್ತಿ ಗೊತ್ತಿದ್ದವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಆ ಅಜ್ಜನಿಗೇ ಗೊತ್ತಿತ್ತು. ನೀನು ಅವರ ಜಗಲಿಯಲ್ಲಿ ಕೂತು ಅವರ ನಷ್ಟ ಕೇಳಿಸಿಕೊಂಡಿದ್ದೆ, ಅರ್ಜಿ ಬರೆದುಕೊಟ್ಟಿದ್ದೆ. ಅದಕ್ಕೇ ಹದಿನಾಲ್ಕು ವರ್ಷದ ಹುಡುಗಿಯ ಮಾತಿಗೆ ಅಷ್ಟು ಜನ ತಿರುಗಿ ನಡೆದರು.

ನಿನ್ನ ಹಾಸ್ಟೆಲ್ ಗೋಡೆಯ ಮೇಲೆ ಚಿಂಪಾಂಜಿಗಳ ಅಧ್ಯಯನ ಮಾಡಿದ ಜೇನ್ ಗುಡಾಲ್ ಅವರ ಫೋಟೋ ಇದೆಯಲ್ಲ, ಅವರ ಕತೆ ನೀನೇ ಹೇಳಿದ್ದೆ. 1991ರಲ್ಲಿ ತಾಂಜಾನಿಯಾದ ದಾರ್ ಎಸ್ ಸಲಾಮಿನಲ್ಲಿ 12 ಮಂದಿ ಹೈಸ್ಕೂಲ್ ಮಕ್ಕಳು ಅವರ ಮನೆ ಜಗಲಿಯಲ್ಲಿ ಸೇರಿದ್ದರಂತೆ. ತಮ್ಮ ಸುತ್ತ ಕಂಡ ತೊಂದರೆಗಳನ್ನು ಹೇಳಿಕೊಳ್ಳಲು ಬಂದ ಮಕ್ಕಳು. ಅಲ್ಲಿಂದಲೇ 'ರೂಟ್ಸ್ ಅಂಡ್ ಶೂಟ್ಸ್' ಶುರುವಾಗಿ ಎಷ್ಟೋ ದೇಶಕ್ಕೆ ಹರಡಿತು. ಅಲ್ಲಿ ಮಕ್ಕಳು ಮನುಷ್ಯರಿಗೆ, ಪ್ರಾಣಿಗಳಿಗೆ, ಪರಿಸರಕ್ಕೆ, ಮೂರಕ್ಕೂ ಆಗುವ ಕೆಲಸ ಹುಡುಕಿ ಮಾಡುತ್ತಾರೆ ಅಂದಿದ್ದೆ. ಮನುಷ್ಯರೂ ಆ ಲೆಕ್ಕದಲ್ಲಿ ಇದ್ದಾರೆ ಅಂತ ಕೇಳಿ ನನಗೆ ಸಮಾಧಾನವಾಗಿತ್ತು. ಅದೇ 1991ರಲ್ಲಿ ನಮ್ಮ ಸುಪ್ರೀಂ ಕೋರ್ಟೂ ಪರಿಸರ ಪಾಠ ಎಲ್ಲ ಮಕ್ಕಳಿಗೂ ಕಡ್ಡಾಯ ಆಗಬೇಕು ಅಂತ ಹೇಳಿತು ಅಂದೆ. ಪಾಠವೇನೋ ಬಂತು. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಅಂತ ನೀನು ಬಾಯಿಪಾಠ ಮಾಡುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಅದರಲ್ಲಿ ಅಪ್ಪನ ಗದ್ದೆ ಇರಲಿಲ್ಲ. 2025ರ ಅಕ್ಟೋಬರಿನಲ್ಲಿ ಜೇನ್ ಗುಡಾಲ್ ತೀರಿಕೊಂಡರು ಅಂತ ಫೋನ್ ಮಾಡಿ ಅತ್ತಿದ್ದೆ. ನಿನ್ನ ಶಿಬಿರದ ಮಕ್ಕಳಿಗೆ ಆ 12 ಮಕ್ಕಳ ಕತೆ ಹೇಳು.

ಅರ್ಜುನನ ವಿಷಯವನ್ನೂ ಹೇಳು. ಎಂಟು ವರ್ಷ ಮೈಸೂರು ದಸರೆಯ ಅಂಬಾರಿ ಹೊತ್ತವನು 2023ರ ಡಿಸೆಂಬರ್ 4ರಂದು ಇಲ್ಲೇ ನಮ್ಮ ಯಸಳೂರಿನ ಕಾಡಿನಲ್ಲಿ, ಕಾಡಾನೆ ಹಿಡಿಯಲು ಹೋಗಿ ಪ್ರಾಣ ಬಿಟ್ಟ. ಅವತ್ತು ಆನೆಗಳಿಗೆ ಶಾಪ ಹಾಕುತ್ತಿದ್ದವರೇ ಹೂ ಹಿಡಿದು ಅಳುತ್ತಾ ಹೋದರು. ಅಪ್ಪನೂ ಹೋದರು. ನಮ್ಮ ಜನರ ಸಿಟ್ಟು ದೊಡ್ಡದು, ಪ್ರೀತಿಯೂ ಅಷ್ಟೇ ದೊಡ್ಡದು. ಹಾನಿ ಮಾಡಿದ ಕಾಡಾನೆಗೂ ಭೀಮ, ಬೀಟಮ್ಮ ಅಂತ ಹೆಸರಿಟ್ಟು ಕರೆಯುತ್ತೇವಲ್ಲ. ಹೊರಗಿಂದ ಬಂದು ಮಾತಾಡುವವರಿಗೆ ಇದು ಅರ್ಥ ಆಗೋದಿಲ್ಲ. ಇಲ್ಲಿಯ ಮಕ್ಕಳಿಗೆ ಹೇಳಿಕೊಡದೇ ಗೊತ್ತು. ಅದಕ್ಕೇ ಈ ಕೆಲಸಕ್ಕೆ ಇಲ್ಲಿಯ ಮಕ್ಕಳೇ ಬೇಕು.

ಆನೆ ಹಿಡಿದು ಸಾಗಿಸಿದರೆ ಮುಗಿಯಿತು ಅಂತ ಯಾವುದಾದರೂ ಮಗು ಹೇಳಬಹುದು. ಮನೆಯಲ್ಲಿ ದಿನಾ ಕೇಳಿರುತ್ತೆ, ಗದರಬೇಡ. 2014ರಲ್ಲಿ ಆಲೂರು ಕಡೆ 22 ಆನೆ ಹಿಡಿದರು, ಆಮೇಲೂ ಬೇರೆ ಆನೆಗಳು ಬಂದವು ಅಂತ ಹೇಳು. ತಮಿಳುನಾಡಿನ ವಾಲ್ಪಾರೈಯಲ್ಲಿ ಆನೆ ಎಲ್ಲಿದೆ ಅಂತ ಸಂಜೆ ಕೇಬಲ್ ಟಿವಿಯಲ್ಲೇ ತೋರಿಸಿ, ಮೊಬೈಲಿಗೆ ಮೆಸೇಜ್ ಕಳಿಸಿ, ರಸ್ತೆ ಬದಿ ಕೆಂಪು ದೀಪ ಹಚ್ಚಿ ಜನರನ್ನು ಕಾಪಾಡಿದ್ದು ನೀನು ಓದಿದ್ದೀಯಲ್ಲ, ಅದನ್ನು ಹೇಳು. ಈಗ ನಮಗೂ ಮೆಸೇಜ್ ಬರುತ್ತೆ. ಆದರೆ ತೋಟಗಳಿಗೆ ಅಸ್ಸಾಂನಿಂದ ಕೆಲಸಕ್ಕೆ ಬಂದವರು ಎಷ್ಟೊಂದು ಜನ ಇದ್ದಾರೆ. ಕನ್ನಡದ ಮೆಸೇಜು ಅವರಿಗೆ ಓದಲು ಬರೋದಿಲ್ಲ. ಮೊನ್ನೆ ತೋಟದ ಕೆಲಸಗಾರರ ಲೈನ್ ಮನೆಯ ಹೆಂಗಸೊಬ್ಬಳು ಮೊಬೈಲ್ ಹಿಡಿದುಕೊಂಡು ಬಂದು ಇದೇನು ಅಂತ ಕೈಸನ್ನೆಯಲ್ಲಿ ಕೇಳಿದಳು. ಅವಳ ಮಗ ಇಲ್ಲೇ ಆರನೇ ಕ್ಲಾಸು, ಕನ್ನಡ ಚೆನ್ನಾಗಿ ಓದುತ್ತಾನೆ. ಮೆಸೇಜ್ ಬಂದ ಕೂಡಲೇ ಇಡೀ ಲೈನಿಗೆ ಓದಿ ಹೇಳೋ ಕೆಲಸ ಅವನಿಗೆ ವಹಿಸಿದರೆ ಹೇಗಿರುತ್ತೆ ನೋಡು. ಫೋನೇ ಇಲ್ಲದ ಮನೆ ಯಾವುದು, ಕಿವಿ ಕೇಳಿಸದ ಮುದುಕರು ಎಲ್ಲಿದ್ದಾರೆ, ಅದನ್ನೂ ಮಕ್ಕಳಿಂದಲೇ ಊರಿನ ನಕ್ಷೆ ಬರೆಸಿ ಗುರುತು ಹಾಕಿಸು.

ಬಿಸಿಲೆ ಕಡೆ ಕಾಡು ಸುತ್ತಿಸೋದು, ಕಪ್ಪೆ ತೋರಿಸೋದು, ಮಂಗಟ್ಟೆ ಹಕ್ಕಿಯ ಕೂಗು ಕೇಳಿಸೋದು ಎಲ್ಲ ಇರಲಿ. ಮಕ್ಕಳು ಖುಷಿಪಡಬೇಕು. ಅದು ಎರಡನೇ ದಿನಕ್ಕಾಗಲಿ. ಮೊದಲ ದಿನ ನಮ್ಮ ಕೆಳಗಿನ ಗದ್ದೆಗೆ ಕರೆದುಕೊಂಡು ಬಾ. ಈ ವರ್ಷ ಅಪ್ಪ ಅರ್ಧ ಮಾತ್ರ ನೆಟ್ಟಿದ್ದಾರೆ, ಉಳಿದದ್ದು ಹಡ್ಲು ಬಿದ್ದಿದೆ. ಅಪ್ಪನನ್ನು ಬದುವಿನ ಮೇಲೆ ಕೂರಿಸಿ ಮಾತಾಡಿಸು. ಮಕ್ಕಳು ಮಧ್ಯೆ ಬಾಯಿ ಹಾಕದೆ ಕೇಳಲಿ, ಕೇಳಿದ್ದನ್ನು ಬರೆದುಕೊಳ್ಳಲಿ. ಆನೆ ವಿಷಯ ಆಮೇಲೆ ನೀನು ಹೇಳು.

ಅಪ್ಪನನ್ನು ಕೇಳಿದೆ. "ನನಗೇನು ಮಾತಾಡೋಕೆ ಬರುತ್ತೆ" ಅಂದರು. ಸಂಜೆ ನೋಡಿದರೆ ಮಳೆಯಲ್ಲೇ ಕೊಡೆ ಹಿಡಿದುಕೊಂಡು ಗದ್ದೆಗೆ ಹೋಗುವ ಕಾಲುದಾರಿಯ ಕಳೆ ಕೊಚ್ಚುತ್ತಿದ್ದರು.

ನಿನ್ನ ನೀಲಿ ನೋಟ್‌ಬುಕ್ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿತು. ಒಂದು ಮೂಲೆ ಗೆದ್ದಲು ತಿಂದಿದೆ, ಬರೆದದ್ದು ಉಳಿದಿದೆ. ಒರೆಸಿ ಒಲೆ ಹತ್ತಿರ ಇಟ್ಟಿದ್ದೇನೆ, ತೇವ ಆರಲಿ. ಎಷ್ಟು ಮಕ್ಕಳು ಬರುತ್ತಾರೆ ಅಂತ ಎರಡು ದಿನ ಮೊದಲೇ ಹೇಳು. ಕಡುಬಿಗೆ ಅಕ್ಕಿ ತರಿ ಮಾಡಿಸಿಕೊಂಡು ಬರಬೇಕು.

ನಿನ್ನ
ಅಮ್ಮ