ಹೂತುಹೋದ ನದಿಯನ್ನೂ ಮಕ್ಕಳು ನೋಡಲಿ

ಮಾನ್ಯ ಸಂಪಾದಕರೇ,

ಜೂನ್ 5 ಬಂತೆಂದರೆ ಶಾಲೆಗಳಲ್ಲಿ ಪರಿಸರದ ಸಿನಿಮಾಗಳ ಹುಡುಕಾಟ ಶುರುವಾಗುತ್ತದೆ. ಜಪಾನಿನ ಹಯಾವೊ ಮಿಯಾಝಾಕಿ ನಿರ್ದೇಶಿಸಿದ ‘ಸ್ಪಿರಿಟೆಡ್ ಅವೇ’ (2001) ಅದಕ್ಕೆ ಹೇಳಿ ಮಾಡಿಸಿದ ಅನಿಮೇಷನ್ ಚಿತ್ರ. ಆದರೆ ಸ್ನಾನದ ದೃಶ್ಯವೊಂದನ್ನೇ ತುಣುಕಾಗಿ ತೋರಿಸಿ, ‘ನದಿಗೆ ಕಸ ಹಾಕಬೇಡಿ’ ಎಂದು ಮುಗಿಸಿದರೆ ಚಿತ್ರದ ಅರ್ಧ ಮಾತು ಮಕ್ಕಳಿಗೆ ತಲುಪುವುದೇ ಇಲ್ಲ.

ಆ ದೃಶ್ಯವನ್ನೇ ಗಮನಿಸಿ. ದೇವತೆಗಳು ದಣಿವಾರಿಸಿಕೊಳ್ಳುವ ಸ್ನಾನಗೃಹದಲ್ಲಿ ಹತ್ತು ವರ್ಷದ ಚಿಹಿರೊ ಕೆಲಸಕ್ಕೆ ನಿಂತಿದ್ದಾಳೆ. ಮೈಯೆಲ್ಲ ರೊಚ್ಚೆ ಸುರಿಯುವ ಅತಿಥಿಯೊಬ್ಬ ಬರುತ್ತಾನೆ. ಅವನ ನಾತಕ್ಕೆ ತಟ್ಟೆಯಲ್ಲಿದ್ದ ಅನ್ನವೂ ಹಳಸುತ್ತದೆ. ಹಳಬರು ಮೂಗು ಮುಚ್ಚಿಕೊಂಡು ಹಿಂದೆ ಸರಿದಾಗ ಕೆಲಸ ಬೀಳುವುದು ಹೊಸ ಹುಡುಗಿಯ ತಲೆಗೆ. ಸ್ನಾನಕ್ಕೆ ಔಷಧಿ ನೀರು ತರಿಸುವ ಚೀಟಿಯನ್ನು ಅವಳಿಗೆ ಕೊಡಲೂ ಮೇಸ್ತ್ರಿ ಒಪ್ಪಿರಲಿಲ್ಲ! ಕೆಸರಲ್ಲಿ ಅವಳ ಕೈಗೆ ಮುಳ್ಳಿನಂಥದ್ದೊಂದು ತಾಗುತ್ತದೆ. ಹಗ್ಗ ಬಿಗಿದು ಎಲ್ಲರೂ ಎಳೆದರೆ ಹೊರಬರುವುದು ಸೈಕಲ್, ಅದರ ಹಿಂದೆಯೇ ರಾಶಿ ಕಸ. ಬಂದವನು ನದಿಯ ದೇವತೆ. ತಾವು ಪಾಲ್ಗೊಂಡಿದ್ದ ನದಿ ಸ್ವಚ್ಛತೆಯಲ್ಲಿ ಹೀಗೆಯೇ ಸೈಕಲ್ ಎಳೆದದ್ದನ್ನು ಮಿಯಾಝಾಕಿ ಹೇಳಿಕೊಂಡಿದ್ದಾರೆ. ದೇವತೆ ಬಿಟ್ಟುಹೋದ ಚಿನ್ನದ ಪುಡಿಯನ್ನು ಕೆಲಸದವರು ಆಯ್ದುಕೊಂಡರೆ, ಒಡತಿ ಯುಬಾಬಾ ಅದನ್ನೆಲ್ಲ ಒಪ್ಪಿಸಲು ಹೇಳುತ್ತಾಳೆ. ಚಿತ್ರವನ್ನು ಇಲ್ಲಿ ನಿಲ್ಲಿಸಿ ಕೇಳಬೇಕು: ರೊಚ್ಚೆಗಿಳಿದವರು ಯಾರು, ಚಿನ್ನ ಯಾರ ಪಾಲಾಯಿತು? ಪೌರಕಾರ್ಮಿಕರ ವಿಷಯ ಬರಬೇಕಾದ್ದು ಇಲ್ಲಿಯೇ.

ಚಿತ್ರದಲ್ಲಿ ಇನ್ನೊಂದು ನದಿಯಿದೆ. ಹಾಕು ಎಂಬ ಹುಡುಗ ತನ್ನ ಹೆಸರನ್ನೇ ಮರೆತಿದ್ದಾನೆ. ಅವನು ಕೊಹಾಕು ಎಂಬ ನದಿ ಎಂದು ಕೊನೆಯಲ್ಲಿ ತಿಳಿಯುತ್ತದೆ. ಆ ನದಿಯನ್ನು ಮುಚ್ಚಿ ಅಪಾರ್ಟ್‌ಮೆಂಟ್ ಕಟ್ಟಿಯಾಗಿದೆ. ಮೊದಲನೆಯ ನದಿಯನ್ನು ತೊಳೆಯಬಹುದಿತ್ತು. ಇವನಿಗೆ ಹೆಸರು ಮರಳಿತು, ಹರಿಯಲು ಜಾಗವಿಲ್ಲ. ಬೆಂಗಳೂರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಉಳಿದಿರುವುದು ಕರಗದ ಪೂಜೆಗೆ ಒದಗುವ ಪುಟ್ಟ ಕೊಳ ಮತ್ತು ಸಂಪಂಗಿರಾಮನಗರ ಎಂಬ ಹೆಸರು.

ಚಿತ್ರದ ಅವಧಿ 2 ಗಂಟೆ 5 ನಿಮಿಷ. ಒಂದೇ ಪಟ್ಟಿಗೆ ಕೂರಿಸಿದರೆ ಎರಡನೆಯ ನದಿ ಬರುವಷ್ಟರಲ್ಲಿ ಮಕ್ಕಳು ಬಸವಳಿಯುತ್ತಾರೆ, ಶಾಲೆಯ ಗಂಟೆಯೂ ಹೊಡೆದಿರುತ್ತದೆ. ಎರಡು ದಿನ ಮಾಡಿ. ಸುಮಾರು ಒಂದು ಗಂಟೆಗೆ, ಸ್ನಾನದ ಪ್ರಸಂಗ ಮುಗಿದು ಚಿಹಿರೊ ಬನ್ನು ತಿನ್ನುತ್ತ ಕೂರುವಲ್ಲಿ ನಿಲ್ಲಿಸಬಹುದು. ಎರಡನೆಯ ದಿನ, ನೀರಿನ ಮೇಲೆ ಸಾಗುವ ರೈಲಿನ ದೃಶ್ಯದಲ್ಲಿ ಮಾತು ಕಡಿಮೆ ಎಂದು ಓಡಿಸಬೇಡಿ. ಆರಂಭದಲ್ಲೇ ತಂದೆ ತಾಯಿ ಹಂದಿಗಳಾಗುತ್ತಾರೆ, ಚಿಕ್ಕವರು ಹೆದರುತ್ತಾರೆ. ಎಂಟು ವರ್ಷ ದಾಟಿದವರಿಗೆ ಸರಿ. ಸಬ್‌ಟೈಟಲ್ ಓದಲು ತಡವರಿಸುವವರಿಗೆ ಶಿಕ್ಷಕರು ಕನ್ನಡದಲ್ಲಿ ಹೇಳುತ್ತಾ ಹೋಗಲಿ. ರಾತ್ರಿಯ ದೃಶ್ಯಗಳೇ ಹೆಚ್ಚು, ಕಿಟಕಿಗೆ ದಪ್ಪ ಪರದೆ ಬೇಕೇ ಬೇಕು.

ಮರುದಿನ ಕಂದಾಯ ಇಲಾಖೆಯ ಗ್ರಾಮ ನಕ್ಷೆ ಹರಡಿ, ಅದರಲ್ಲಿರುವ ಕೆರೆ, ಹಳ್ಳಗಳ ಮೇಲೆ ಈಗ ಏನಿದೆ ಎಂದು ಮಕ್ಕಳೇ ಗುರುತು ಹಾಕಲಿ.

– ಮಕ್ಕಳಿಗೆ ಸಿನಿಮಾ ತೋರಿಸುವ ಕೆಲವು ಶಿಕ್ಷಕರು, ಬೆಂಗಳೂರು